ಗದ್ದದಡಿಯ ತುದಿ

"ಹೆಬ್ಬೆಟ್ಟು ಒತ್ತೇ ಅಂದ್ರೆ ಮುದ್ದು ಮಾಡ್ತೀಯಲ್ಲೇ! ಗಟ್ಟಿಯಾಗಿ ಒತ್ತು. ಫಾರಿನ್ನಲ್ಲೇನು ಉಪ್ಪರಿಗೆ ಮೇಲೆ ಕೂತಿದ್ಯಾ?"

ಕಿಟಕಿಯೊಳಗಿನ ಗುಮಾಸ್ತ ನನ್ನ ಬೆರಳನ್ನು ಪೆನ್ನಿನ ಹಿಂತುದಿಯಿಂದ ಅದುಮಿದ. ಕೈಯಿಂದ ಮುಟ್ಟಲಿಲ್ಲ. ಮಷೀನಿನಲ್ಲಿ ಮತ್ತೆ ಕೆಂಪು ದೀಪ ಹತ್ತಿತು.

ಉಪ್ಪರಿಗೆಯಂತೆ ಉಪ್ಪರಿಗೆ! ಕಡಲಾಚೆಯ ದೇಶದಲ್ಲಿ ನಾನಿದ್ದದ್ದು ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ. ಮೇಲೆ ಮಲಗಿ ಎದ್ದವರ ಬೆಡ್‌ಶೀಟು ಒಗೆದು, ಮಡಿಸಿ, ಮತ್ತೆ ಒಗೆದು ನನ್ನ ಪ್ರಾಯವೆಲ್ಲ ಸವೆಯಿತು. ಹೋಟೆಲು ಮುಚ್ಚಿದಾಗ ನಮ್ಮನ್ನು ಗುಂಪಾಗಿ ವಿಮಾನಕ್ಕೆ ತುಂಬಿ ವಾಪಸ್ ಕಳಿಸಿದರು. ಇಲ್ಲಿ ಇಳಿದರೆ ಹೊಸ ಕಾನೂನು ಕಾದು ಕೂತಿತ್ತು. ಹೊರದೇಶದಿಂದ ಮರಳಿದವರು ತಮ್ಮ ಹಳೆಯ ಸರ್ಕಾರಿ ನಂಬರನ್ನು ಮತ್ತೆ ಚಾಲೂ ಮಾಡಿಸಿಕೊಳ್ಳಬೇಕು. ನಂಬರಿಲ್ಲದವರಿಗೆ ಯಾರೂ ಕೆಲಸ ಕೊಡುವಂತಿಲ್ಲ.

"ಹೆಸ್ರು ನಿಂದೇ, ನಂಬರೂ ನಿಂದೇ. ಹೆಬ್ಬೆಟ್ಟು ಮಾತ್ರ ಬೇರೆಯವಳದ್ದು," ಎಂದು ಗುಮಾಸ್ತ ಪರದೆಯನ್ನು ಪಕ್ಕದವನ ಕಡೆ ತಿರುಗಿಸಿದ. "ನೋಡಯ್ಯಾ, ಇವಳು ಆಸ್ಪತ್ರೆ ಲಾಂಡ್ರೀಲಿ ಆಗ್ಲೇ ಕೆಲ್ಸ ಮಾಡ್ತಿದ್ದಾಳಂತೆ! ಒಬ್ಳೇ ಲೌಡಿ, ಎರಡು ಕಡೆ ಇದ್ದಾಳೆ."

ಇಬ್ಬರೂ ನಕ್ಕರು. ನನ್ನ ಹಿಂದೆ ಸಾಲಿನಲ್ಲಿದ್ದವರೂ ನಕ್ಕರು, ಪಾಪ, ಅವರಿಗೆ ತಮ್ಮ ಕೆಲಸ ಕೆಡಬಾರದಿತ್ತು.

"ಯಾರೋ ನಿನ್ನ ನಂಬರ್ ಕದ್ದಿದ್ದಾರೆ. ಹೆಸ್ರು ಹೇಳಿ ಕಂಪ್ಲೇಂಟ್ ಕೊಡು. ಅವಳು ಜೈಲಿಗೆ ಹೋಗ್ತಾಳೆ, ನಂಬರ್ ನಿನ್ನ ಕೈಗೆ ಬರುತ್ತೆ. ಯಾರು ಅಂತ ಗೊತ್ತಾ?"

"ಗೊತ್ತಿಲ್ಲ ಸಾರ್."

ಗೊತ್ತಿಲ್ಲದೆ ಏನು? ನನ್ನ ಬೆನ್ನಿಗೆ ಬಿದ್ದ ತಂಗಿ, ನಾನೇ ಎತ್ತಿ ಆಡಿಸಿದವಳು.

ನಮ್ಮ ಗಲ್ಲಿಯಲ್ಲಿ ನಂಬರನ್ನು ಖಾಲಿ ಬಿಡುವ ಪದ್ಧತಿಯೇ ಇಲ್ಲ. ಒಬ್ಬರು ಹೊರದೇಶಕ್ಕೆ ಹೋದರೆ ವಯಸ್ಸು ಸಾಲದ ಇನ್ನೊಬ್ಬರು ಅದನ್ನು ತೊಟ್ಟುಕೊಳ್ಳುತ್ತಾರೆ, ಅಕ್ಕನಿಗೆ ಗಿಡ್ಡವಾದ ಅಂಗಿಯನ್ನು ತಂಗಿ ತೊಟ್ಟ ಹಾಗೆ. ಅಮ್ಮ ಸತ್ತ ವರ್ಷ ನಾನೇ ಹೇಳಿ ಹೋಗಿದ್ದೆ, ನನ್ನ ನಂಬರಿನ ಮೇಲೆ ಲಾಂಡ್ರಿಗೆ ಸೇರಿಕೊಳ್ಳೇ ಎಂದು. ಆಮೇಲೆ ಹೆಬ್ಬೆಟ್ಟಿನ ಮಷೀನು ಬಂತು. ಎಲ್ಲರೂ ಸಾಲಾಗಿ ಒತ್ತಿದರು, ಅವಳೂ ಒತ್ತಿದಳು. ಅಲ್ಲಿಗೆ ಅವಳು ನಾನಾದಳು. ನಾನು ಏನಾದೆ ಎಂದು ಯಾರೂ ಯೋಚಿಸಲಿಲ್ಲ, ದೇವರಾಣೆಗೂ ನಾನೂ ಯೋಚಿಸಲಿಲ್ಲ.

ತಂಗಿಯ ಮನೆ ಎಂದರೆ ಒಂದೇ ರೂಮು. ಒಲೆಯ ಪಕ್ಕ ಚಾಪೆ, ಚಾಪೆಯ ಪಕ್ಕ ನನ್ನ ಸೂಟ್‌ಕೇಸು. ಅವಳ ಗಂಡ ಎಂದೋ ಬಿಟ್ಟು ಹೋಗಿದ್ದ. ಮಗಳು ನನ್ನನ್ನೇ ದಿಟ್ಟಿಸಿ, "ಅಮ್ಮಾ, ಇವ್ರು ಯಾರು?" ಎಂದು ಕೇಳಿದಳು.

"ಬಾಡಿಗೆಗೆ ಬಂದಿರೋ ಆಂಟಿ, ಪುಟ್ಟಿ. ಹೋಗು, ಕೈ ತೊಳ್ಕೊಂಡು ಬಾ."

ಮಗು ನಲ್ಲಿಯ ಹತ್ತಿರ ಹೋದ ಮೇಲೆ ಕೇಳಿದೆ, "ನನ್ನನ್ನ ಇನ್ಮೇಲೆ ಏನಂತ ಕರೀತೀಯೇ?"

"ಏನಂತಾನೂ ಕರೆಯಲ್ಲ. ಮನೇಲಿ ಅಕ್ಕ ಅಂತ ಬಾಯಿಗೆ ರೂಢಿಯಾದ್ರೆ ಕೆಲ್ಸದಲ್ಲೂ ಬಂದ್ಬಿಡುತ್ತೆ. ಅಲ್ಲಿ ನಿನ್ನ ಹೆಸ್ರೇ ನನ್ನ ಹೆಸ್ರು. ಮಗು ಸ್ಕೂಲು, ಈ ರೂಮು, ಎಲ್ಲಾ ಅದೊಂದು ನಂಬರ್ ಮೇಲೇ ನಿಂತಿದೆ."

"ಮತ್ತೆ ನನ್ನ ಹೊಟ್ಟೆ?"

ಅವಳು ಪಾತ್ರೆ ತಿಕ್ಕುತ್ತಲೇ ಇದ್ದಳು. ತಿರುಗದೆಯೇ, "ನೀನು ಕೇಳಿದ್ರೆ ಕೊಟ್ಬಿಡ್ತೀನಿ. ಆದ್ರೆ ಕೇಳ್ಬೇಡ," ಎಂದಳು.

ಸಿಟ್ಟು ಬಂತು. ಅವಳ ಮೇಲೆ ಬಂದ ಸಿಟ್ಟು ಅವಳ ಬೆನ್ನು ನೋಡುತ್ತಿದ್ದಂತೆ ಕರಗಿ ಹೋಯಿತು. ಅಮ್ಮನದೇ ಬೆನ್ನು ಅದು, ಹಾಗೇ ಬಾಗಿತ್ತು.

ಬೇರೆಲ್ಲೂ ಕೆಲಸ ಸಿಗದೆ ಅದೇ ಲಾಂಡ್ರಿಯ ಹಿಂಬಾಗಿಲಿಗೆ ಹೋಗಿ ನಿಂತೆ. ಸೂಪರ್‌ವೈಸರು ನನ್ನ ಕೈ ತಿರುಗಿಸಿ ನೋಡಿದ. ಕೆಲಸ ಗೊತ್ತಿರುವ ಕೈ ಎಂದು ಅವನಿಗೆ ತಿಳಿಯಿತು.

"ಅರ್ಧ ಕೂಲಿ. ಬೇಕಾದ್ರೆ ಇರು, ಇಲ್ದಿದ್ರೆ ತೊಲಗು. ನಂಬರಿಲ್ದವಳು ನಾಯಿಗಿಂತ ಅಗ್ಗ ಕಣೇ. ನಾಯಿಗಾದ್ರೂ ಕುತ್ತಿಗೇಲಿ ಬಿಲ್ಲೆ ಇರುತ್ತೆ."

ನನಗೆ 'ವಾಪಸ್ಸು' ಎಂದು ಹೆಸರಿಟ್ಟ. ಏಯ್ ವಾಪಸ್ಸು, ರಕ್ತದ ಬಟ್ಟೆ ಗಂಟು ಬಿಚ್ಚು. ಏಯ್ ವಾಪಸ್ಸು, ಚರಂಡಿ ಕಟ್ಟಿದೆ, ಕೈ ಹಾಕು. ಹಿಂದಿನ ಕೋಣೆಯಲ್ಲಿ ನಾನೊಬ್ಬಳೇ, ಕೀವು ರಕ್ತ ಮೆತ್ತಿದ ಬಟ್ಟೆಯ ಗುಡ್ಡದ ಜೊತೆ. ಮುಂದಿನ ಕೋಣೆಯಲ್ಲಿ ಇಸ್ತ್ರಿಯ ದೊಡ್ಡ ರೋಲರು. ಅದರಿಂದ ಬಿಸಿ ಬಿಸಿಯಾಗಿ ಬೀಳುವ ಬೆಡ್‌ಶೀಟುಗಳನ್ನು ಇಬ್ಬಿಬ್ಬರು ನಿಂತು ಮಡಿಸುತ್ತಿದ್ದರು. ಬಾಗಿಲ ಸಂದಿನಿಂದ ತಂಗಿ ಕಾಣುತ್ತಿದ್ದಳು. ಎರಡು ಸಲ ಕೊಡವಿ, ಬಲಗೈ ಕಡೆಯ ಬಟ್ಟೆಯ ತುದಿಯನ್ನು ಗದ್ದದ ಅಡಿಗೆ ಒತ್ತಿ ಹಿಡಿದು ಮಡಿಸುತ್ತಿದ್ದಳು. ಹಾಗೆ ಮಡಿಸುವವರು ಅಲ್ಲಿ ಬೇರೆ ಯಾರೂ ಇಲ್ಲ. ಅಮ್ಮನ ಬಲಗೈ ಬೆರಳುಗಳು ಇಂಥದೇ ರೋಲರಿಗೆ ಸಿಕ್ಕಿ ಜಜ್ಜಿಹೋಗಿದ್ದವು, ಪಾಪ, ಗದ್ದವೇ ಅವಳಿಗೆ ಕೈಯಾಗಿತ್ತು. ಅವಳನ್ನು ನೋಡಿ ಕಲಿತ ನಾವಿಬ್ಬರೂ ಕೈ ನೆಟ್ಟಗಿದ್ದೂ ಗದ್ದಕ್ಕೇ ಸಿಕ್ಕಿಸುತ್ತೇವೆ.

ದಿನವೂ ಆ ಕಡೆಯಿಂದ ನನ್ನ ಹೆಸರು ಕೂಗುವುದು ಕೇಳುತ್ತಿತ್ತು. ಮೊದಲ ದಿನ "ಹ್ಞಾಂ" ಎಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಳ್ಳುವುದನ್ನು ಕಲಿತೆ. ಊಟದ ಹೊತ್ತಿಗೆ ಬಾಗಿಲಿನ ಆಚೆ ಅವಳು, ಈಚೆ ನಾನು. ಕಡಲಾಚೆ ಇದ್ದಾಗ ತಂಗಿ ದೂರ ಇದ್ದಾಳೆಂದು ಅಳುತ್ತಿದ್ದೆ. ಈಗ ಕೈಗೆಟಕುವಷ್ಟು ಹತ್ತಿರವಿದ್ದಳು, ಅಳುವ ಹಾಗೂ ಇರಲಿಲ್ಲ. ಅಯ್ಯೋ, ಇಂಥ ಒಂಟಿತನ ಶತ್ರುವಿಗೂ ಬೇಡ.

ಒಂದೇ ನಂಬರನ್ನು ಇಬ್ಬರು ಕೇಳಿದ್ದಾರೆಂದು ನಂಬರಿನ ಕಚೇರಿಯಿಂದ ಅಧಿಕಾರಿಯೊಬ್ಬ ತನಿಖೆಗೆ ಬಂದ. ಸೂಪರ್‌ವೈಸರು ನನ್ನನ್ನು ಕೊಳೆ ಬಟ್ಟೆಯ ತಳ್ಳುಗಾಡಿಗೆ ತುರುಕುತ್ತಿದ್ದಾಗಲೇ ಅವನು ಹಿಂಬಾಗಿಲಿಂದ ಒಳಗೆ ಕಾಲಿಟ್ಟ. ಮೂಗಿಗೆ ಕರವಸ್ತ್ರ ಹಿಡಿದು ನನ್ನನ್ನು ರೋಲರಿನ ಹತ್ತಿರಕ್ಕೆ ನಡೆಸಿದ. ಎಲ್ಲರೂ ಮಡಿಸುವುದನ್ನು ಒಂದಿಷ್ಟು ನೋಡಿ, ಆಮೇಲೆ ಅವರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ, ಆ ನಂಬರಿನಲ್ಲಿದ್ದ ತಂಗಿಯ ಮುಂದೆ ನಿಂತ.

"ಇವಳು ಗೊತ್ತಾ ನಿಂಗೆ?"

ಅವಳು ನನ್ನ ಮುಖ ನೋಡಿದಳು. "ಗೊತ್ತಿಲ್ಲ ಸಾರ್."

ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ರೋಲರು ಯಾರಿಗೆ ಕಾಯುತ್ತದೆ? ಬಿಸಿ ಬೆಡ್‌ಶೀಟೊಂದು ಹೊರಗೆ ಬಂದು ಒದ್ದೆ ನೆಲಕ್ಕೆ ಜಾರತೊಡಗಿತು. ನೆಲಕ್ಕೆ ತಾಗಿದರೆ ಮತ್ತೆ ಒಗೆಯಬೇಕು. ಸಾಲಿನಿಂದ ಅವಳು ಹಾರಿದಳು, ಈ ಕಡೆಯಿಂದ ನಾನು. ಯೋಚಿಸಿದ್ದರೆ ಹೋಗುತ್ತಿರಲಿಲ್ಲ. ಎರಡು ಸಲ ಕೊಡವಿದೆವು. ಅವಳ ತುದಿ ಅವಳ ಗದ್ದದ ಅಡಿ, ನನ್ನದು ನನ್ನ ಗದ್ದದ ಅಡಿ.

ಅಧಿಕಾರಿ ಕರವಸ್ತ್ರ ಇಳಿಸಿದ. ಮುಖ ಅರಳಿತ್ತು.

"ಆಹಾಹಾ! ಇಷ್ಟು ಜನ್ರಲ್ಲಿ ಇವೆರಡೇ ಮುಂಡೇವು ಗದ್ದಕ್ಕೆ ಸಿಕ್ಕಿಸ್ತಾವೆ. ಒಂದೇ ಮನೇಲಿ ಕಲ್ತಿದ್ದು ಅಲ್ವೇನೇ?" ನನ್ನ ಹತ್ತಿರ ಬಂದ. "ನೋಡು, ವಾಪಸ್ ಬಂದವಳು ನೀನೇ. ಇವಳು ಕದ್ದಳು ಅಂತ ಬಾಯ್ಬಿಟ್ಟು ಹೇಳು. ನಾಳೆಯಿಂದ ಪೂರ್ತಿ ಕೂಲಿಗೆ ಇದೇ ರೋಲರ್ ಮುಂದೆ ನಿಂತ್ಕೋ. ಹೇಳ್ಲಿಲ್ಲ ಅಂದ್ರೆ ನೀನೇ ಕಳ್ಳಿ. ಈ ಜನ್ಮದಲ್ಲಿ ನಿಂಗೆ ನಂಬರಿಲ್ಲ."

ಹೇಳಿಬಿಡೋಣ ಎಂದು ಅನಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಹೆಸರು ಕೂಗಿದರೆ ನಾನು ಓಗೊಡಬಹುದಿತ್ತು. ಆದರೆ ತುದಿ ಗದ್ದದ ಅಡಿ ಇತ್ತು. ಬಾಯಿ ತೆರೆದರೆ ಬಟ್ಟೆ ಬೀಳುತ್ತಿತ್ತು. ನಾನು ಅದನ್ನು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದೆ.

"ಏಯ್, ಕಿವುಡಿ! ಬಾಯ್ಬಿಡೇ!"

ಬಾಯಿ ಬಿಟ್ಟವಳು ತಂಗಿ.

"ಅಕ್ಕಾ!" ಎಂದಳು, ಇಡೀ ಲಾಂಡ್ರಿಗೆ ಕೇಳುವ ಹಾಗೆ. "ಏನೂ ಹೇಳ್ಬೇಡ ಕಣೇ ಅಕ್ಕಾ, ಈ ಹಲ್ಕಾ ನನ್ಮಗನಿಗೆ."

ಅವಳ ಗದ್ದದಡಿಯ ತುದಿ ಜಾರಿ ಒದ್ದೆ ನೆಲಕ್ಕೆ ಬಿತ್ತು. ನನ್ನ ತುದಿಯನ್ನು ನಾನು ಬಿಡಲಿಲ್ಲ. ಅಧಿಕಾರಿ ನಂಬರು ಇಬ್ಬರಿಗೂ ರದ್ದು ಎಂದು ಕೂಗುತ್ತಿದ್ದ, ಸೂಪರ್‌ವೈಸರು ರೋಲರಿನತ್ತ ಕೈ ತೋರಿಸಿ ಕೂಗುತ್ತಿದ್ದ. ಅದರಿಂದ ಇನ್ನೊಂದು ಬೆಡ್‌ಶೀಟು ಹೊರಬಂದು ನೆಲಕ್ಕೆ ಬಿತ್ತು, ಅದರ ಮೇಲೆ ಮತ್ತೊಂದು. ಅವನು ಎಷ್ಟು ಕೂಗಿದರೂ ಗೋಡೆಯ ಸಾಲಿನಲ್ಲಿದ್ದವರು ಯಾರೂ ಅವನ್ನು ಎತ್ತಲು ಅಲುಗಾಡಲಿಲ್ಲ.