ಸ್ಟ್ರೆಚರಿನ ಪಕ್ಕದ ರಾಣಿ

ಶಾಂತಿಗ್ರಾಮದ ಮೈದಾನದಲ್ಲಿ ಆ ಬೇಸಿಗೆಗೆ ಆಡಿದ್ದು ಹಳೆಯ ಪೌರಾಣಿಕ ನಾಟಕವನ್ನೇ. ಆದರೆ ಕಿರೀಟವಿರಲಿಲ್ಲ, ಗದೆಯಿರಲಿಲ್ಲ. ನಿರ್ದೇಶಕಿ ದಿವ್ಯಾ ರಣರಂಗವನ್ನು ಹೆದ್ದಾರಿ ಮಾಡಿದ್ದಳು, ಅರಮನೆಯನ್ನು ಆಸ್ಪತ್ರೆ. ಮಗನ ಹೆಣದ ಮುಂದೆ ರಾಣಿ ಗೋಳಾಡುವ ಕಡೆಯ ದೃಶ್ಯ ಸ್ಟ್ರೆಚರಿನ ಪಕ್ಕದಲ್ಲಿ ನಡೆಯಬೇಕಿತ್ತು.

ರಾಣಿಯ ಪಾತ್ರ ಕಾಮಾಕ್ಷಮ್ಮನವರದು. ಹರೆಯದಿಂದಲೂ ಅದೇ ಪಾತ್ರ ಮಾಡಿ, ಆ ಶೋಕದ ಹಾಡಿಗೆ ಊರೂರಲ್ಲಿ ಒನ್ಸ್ ಮೋರ್ ಗಿಟ್ಟಿಸಿದವರು. ಸ್ಟ್ರೆಚರ್ ಕಂಡ ದಿನ ಅವರಿಗೆ ಅನ್ನ ಸೇರಲಿಲ್ಲ. ಪಕ್ಕದ ಬೀದಿಯ ರೇವಮ್ಮನ ಮಗ ಗೌರೀಶ ಹೋದ ವರ್ಷವಷ್ಟೇ ಹಿರೀಸಾವೆ ಹತ್ತಿರ ಲಾರಿಗೆ ಸಿಕ್ಕಿ ಸತ್ತಿದ್ದ. ದಿವ್ಯಾಳನ್ನೂ ಕರೆದುಕೊಂಡು ರೇವಮ್ಮನ ಮನೆಗೆ ಹೋದರು.

"ನಿಂಗೆ ಬ್ಯಾಡ ಅನ್ಸಿದ್ರೆ ಆ ಸೀನೇ ತೆಗುಸ್ಬುಡ್ತೀನಿ ಕಣ್ ರೇವಾ."

ರೇವಮ್ಮ ಬೇಡವೆನ್ನಲಿಲ್ಲ. "ಮಾಡಕ್ಕ. ನಾನೂ ಬತ್ತೀನಿ. ಅವತ್ತು ನಾನು ಅಳ್ನೇ ಇಲ್ಲ. ಅವನ ಬೂಟು ಬಿಚ್ಚಿ ಪಾದ ಹಿಡ್ಕಂಡು ಕೂತಿದ್ದೆ. ಇನ್ನೂ ಬಿಸಿ ಅದೇನೋ ಅಂತ."

ಮಾರನೆಯ ದಿನ ತಾಲೀಮಿನಲ್ಲಿ ದಿವ್ಯಾ, ಹೆಣವಾಗಿ ಮಲಗಿದ್ದ ಅನಿಲ್‌ಕುಮಾರನ ಕಾಲಿಗೆ ಬೂಟು ತೊಡಿಸಿದಳು. "ಹಾಡು ಬೇಡ ಆಂಟಿ. ಇದನ್ನ ಬಿಚ್ಚಿ, ಅಷ್ಟೇ ಸಾಕು."

"ಅದು ಅವಳ್ದು ಕಣವ್ವ. ನಾನು ಮುಟ್ಟಕಿಲ್ಲ," ಎಂದರು ಕಾಮಾಕ್ಷಮ್ಮ.

ನಾಟಕದ ಸಂಜೆ ಬಸ್ಸುಗಳ ಸದ್ದು ಮೈಕಿನೊಳಕ್ಕೂ ನುಗ್ಗುತ್ತಿತ್ತು. ರೇವಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು. ಕಾಮಾಕ್ಷಮ್ಮ ಅವಳ ಕಡೆ ನೋಡದೆ, ಹೆಣದ ಕಾಲಿನ ಬೂಟನ್ನೂ ಮುಟ್ಟದೆ ಎಂದಿನಂತೆ ಹಾಡಿದರು. ಹಿಂದಿನಿಂದ ಒನ್ಸ್ ಮೋರ್ ಕೂಗೆದ್ದಿತು. ಹಾರ್ಮೋನಿಯಂನವನು ಮತ್ತೆ ಶ್ರುತಿ ಹಿಡಿದ. ಅವರು ಬೇಡವೆಂದು ತಲೆಯಾಡಿಸಿದರು.

ಜನ ಕರಗಿದ ಮೇಲೂ ರೇವಮ್ಮ ಎದ್ದಿರಲಿಲ್ಲ. ಬಣ್ಣ ಅಳಿಸದೆಯೇ ಕಾಮಾಕ್ಷಮ್ಮ ಹತ್ತಿರ ಬಂದರು.

"ಯಾಕಕ್ಕ ಬೂಟು ಬಿಚ್ನಿಲ್ಲ?" ಎಂದಳು ರೇವಮ್ಮ.

"ನಿನ್ನ ಸಂಕಟನ ನಾನು ಎಂಗವ್ವ ಆಟಕ್ಕಿಕ್ಕಲಿ?"

"ಇಕ್ಲಿ ಅಂತ್ಲೇ ನಾನು ಯೋಳಿದ್ದು. ಅವನ ಎಸ್ರು ಎತ್ತಕೂ ಊರೋರು ಎದ್ರುಕಂತಾರೆ. ನಾನು ಬಂದ್ರೆ ಮಾತು ನಿಲ್ಲುಸ್ತಾರೆ. ನೀನೂ ಅಂಗೇ ಮಾಡ್ಬುಟ್ಟೆ."

ಕಾಮಾಕ್ಷಮ್ಮನವರಿಗೆ ಕಪಾಳಕ್ಕೆ ಹೊಡೆದಂತಾಯಿತು. ಮರ್ಯಾದೆ ಎಂದುಕೊಂಡು ಮಾಡಿದ್ದೇ ಇವಳನ್ನು ಇನ್ನಷ್ಟು ಒಂಟಿ ಮಾಡಿತ್ತು. ಶಾಮಿಯಾನದವರು ಕುರ್ಚಿ ಒಟ್ಟುತ್ತಿದ್ದರು. ಕಾಮಾಕ್ಷಮ್ಮ ಒಂದನ್ನು ಎಳೆದುಕೊಂಡು ಅವಳೆದುರು ಕೂತರು.

"ಗೌರೀಶ ಚಿಕ್ಕೋನಿದ್ದಾಗ ಎಂಗಿದ್ದ, ಯೋಳು."

ರೇವಮ್ಮ ತನ್ನ ಕುರ್ಚಿಯನ್ನು ಅವರತ್ತ ಸರಿಸಿಕೊಂಡಳು.

"ಮಾ ತರಲೆ ಕಣಕ್ಕ. ಕೆರೆಗಿಳಿದ್ರೆ ಮ್ಯಾಕ್ಕೇ ಬತ್ತಿರ್ನಿಲ್ಲ..."

ಹೇಳುತ್ತ ಹೇಳುತ್ತ ಅಳತೊಡಗಿದಳು. ಕಾಮಾಕ್ಷಮ್ಮ ಸಮಾಧಾನ ಮಾಡಲು ಹೋಗದೆ, ಅವಳ ಮಾತು ಮುಗಿಯುವ ತನಕ ಕೇಳುತ್ತ ಕೂತರು.