ಶನಿವಾರ ನನ್ನೊಳಗೆ ಮಲಗಿದವಳು

ನಾನು ಒಂದು ಸಾಗವಾನಿ ಪೆಟ್ಟಿಗೆ. ಪೆಟ್ಟಿಗೆ ಅಂದ ಕೂಡಲೇ ಮೂಗು ಮುರಿಯಬೇಡಿ. ಬೆಟಗೇರಿಯ ಬಡಗಿ ಇಮ್ಮಾನುವೇಲಪ್ಪ ತನ್ನ ಒಬ್ಬಳೇ ಮಗಳು ಲಿದಿಯಾಬಾಯಿಯ ಮದುವೆಗೆಂದು ನನ್ನನ್ನು ಮಾಡಿದ. ಮಗಳನ್ನು ಕಳಿಸುವ ಸಂಕಟವನ್ನೆಲ್ಲ ಉಜ್ಜುಗೊರಡಿನ ಮೇಲೆ ತೀರಿಸಿಕೊಂಡನೇನೋ, ನನ್ನ ಮೈ ಅಷ್ಟು ನುಣುಪಾಯಿತು. ಹಲಗೆಗಳ ನಡುವೆ ಕೂದಲೆಳೆ ತೂರದಂತೆ ಜೋಡಿಸಿದ. ಕೊನೆಗೆ ಒಂದು ಹಿತ್ತಾಳೆ ಕೊಂಡಿ ಕೂರಿಸಿದ. ಮುಚ್ಚಳ ಬಿದ್ದರೆ ಸಾಕು, ಅದು ತಾನೇ ಕಟಕ್ಕನೆ ಕಚ್ಚಿಕೊಳ್ಳುತ್ತಿತ್ತು. ಬಿಡಿಸಬೇಕಾದರೆ ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತಿ ಮೇಲೆತ್ತಬೇಕು.

ಚಕ್ಕಡಿ ಏರಿ, ರೈಲು ಏರಿ ಲಿದಿಯಾಬಾಯಿಯ ಜೊತೆ ಹುಬ್ಬಳ್ಳಿಗೆ ಬಂದೆ. ಅವಳು ಆಸ್ಪತ್ರೆಯಲ್ಲಿ ನರ್ಸು. ಅವಳ ಬಿಳಿ ಸೀರೆಗಳು, ಆಮೇಲೆ ಅವಳ ಮಗನ ಅಂಗಿ ಕುಲಾಯಿಗಳು ನನ್ನೊಳಗೆ ಮಲಗಿದವು. ಅವಳು ತೀರಿಕೊಂಡ ದಿನ ಉಡಿಸಿದ ಸೀರೆಯನ್ನೂ ನನ್ನಿಂದಲೇ ತೆಗೆದರು. ಅಲ್ಲಿಂದ ಮುಂದೆ ನಾನು ಅವಳ ಸೊಸೆ ಮಾರ್ಥಾಬಾಯಿಯ ಪಾಲಾದೆ.

ಮಾರ್ಥಾಬಾಯಿ ಶಿಸ್ತಿನ ಹೆಂಗಸು. ಸಂಡೇಸ್ಕೂಲಿನ ಮಕ್ಕಳು ಅವಳ ಚಪ್ಪಲಿ ಸದ್ದಿಗೇ ಸಾಲಾಗಿ ಕೂತುಬಿಡುತ್ತಿದ್ದವಂತೆ. ನಾನಂತೂ ಅವಳು ಬಂದರೆ ಧೂಳು ಕಂಡೀತೆಂದು ನಡುಗುತ್ತಿದ್ದೆ. ಈಸ್ಟರ್ ಬಂದರೆ ಆ ಮನೆಗೆ ಮಕ್ಕಳು ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಬಂದು ಸೇರುತ್ತಿದ್ದರು. ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೆ ಶುಭ ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ನಸುಕಿನವರೆಗೆ ಅಲ್ಲಿ ಯಾರೂ ದನಿ ಎತ್ತುವಂತಿಲ್ಲ. ಟೀವಿ ಬಂದ್. ಬಾಗಿಲ ಗಂಟೆಗೆ ಬಟ್ಟೆ ಸುತ್ತುತ್ತಿದ್ದಳು. ಶಿಲುಬೆಗೇರಿದ ಸ್ವಾಮಿ ಸಮಾಧಿಯಲ್ಲಿರುವಾಗ ಮನೆಯಲ್ಲಿ ಗದ್ದಲ ಎಂಥದು ಅಂತ ಅವಳ ವಾದ.

ಒಂದು ವರ್ಷ ಆ ಶುಕ್ರವಾರ ಸಂಜೆ ಮೊಮ್ಮಕ್ಕಳನ್ನು ನನ್ನೆದುರಿನ ಚಾಪೆಯ ಮೇಲೆ ಕೂರಿಸಿಕೊಂಡು ಆ ಸಮಾಧಿಯ ಕಥೆ ಹೇಳಿದಳು. ಬಿಳಿ ಬಟ್ಟೆ ಸುತ್ತಿದ್ದು, ಗವಿಯೊಳಗೆ ಮಲಗಿಸಿದ್ದು, ಬಾಗಿಲಿಗೆ ಕಲ್ಲು ಮುಚ್ಚಿದ್ದು. ಕಿರಿಯ ಮಗ ದೇವಪುತ್ರನ ಮಗಳು ನೋಮಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಹಾಲುಹಲ್ಲೂ ಬಿದ್ದಿರದ ಕೂಸು, ಆದರೆ ಪ್ರಶ್ನೆ ಕೇಳುವುದರಲ್ಲಿ ವಕೀಲೆ.

"ಒಳಗ ಕತ್ತಲಿ ಇತ್ತಲ್ಲಜ್ಜಿ, ಅವಂಗ ಅಂಜಿಕಿ ಬರಲಿಲ್ಲೇನು?"

"ಇಲ್ಲವ್ವಾ. ಗಪ್ ಮಲಗಿದ್ದ. ಶಾಣ್ಯಾ ಮಕ್ಕಳು ಹಂಗ ಗಪ್ ಇರಬೇಕು. ಐತವಾರ ಮುಂಜಾನೆ ನಾ ಬಂದು 'ಕರ್ತನು ಎದ್ದಿದ್ದಾನೆ' ಅಂತೀನಿ. ನೀವು 'ನಿಜವಾಗಿ ಎದ್ದಿದ್ದಾನೆ' ಅನ್ರಿ. ಅಲ್ಲೀತನಕ ತುಟಿ ಪಿಟಕ್ ಅನ್ನಂಗಿಲ್ಲ."

ನೋಮಿ ಆಗಲೇ ತುಟಿಗೆ ಬೆರಳಿಟ್ಟುಕೊಂಡಳು. ನನಗೆ ನಗು ಬಂತು.

ಶನಿವಾರ ಬೆಳಿಗ್ಗೆ ನನ್ನನ್ನು ಬರಿದು ಮಾಡಿದರು. ಹಬ್ಬದ ಬಿಳಿ ಬಟ್ಟೆಗಳಿಗೆ ಬಿಸಿಲು ಕಾಣಿಸುವ ದಿನ ಅದು. ಹಿತ್ತಲಲ್ಲಿ ದೊಡ್ಡ ಪಾತ್ರೆಯಲ್ಲಿ ಉಳ್ಳಾಗಡ್ಡಿ ಸಿಪ್ಪೆ ಹಾಕಿ ಈಸ್ಟರಿನ ಬಣ್ಣದ ತತ್ತಿ ಕುದಿಸುತ್ತಿದ್ದರು; ಬಣ್ಣ ಏರುವುದನ್ನು ನೋಡಲು ಮಕ್ಕಳೆಲ್ಲ ಅಲ್ಲೇ ಮುತ್ತಿದ್ದರು. ನಾನು ಒಳಕೋಣೆಯಲ್ಲಿ ಬಾಯಿ ತೆರೆದುಕೊಂಡು ಒಬ್ಬನೇ ಆಕಳಿಸುತ್ತಿದ್ದೆ.

ಆಗ ನೋಮಿ ಬಂದಳು. ಮೈಗೆ ಒಂದು ಬಿಳಿ ಚಾದರ ಸುತ್ತಿಕೊಂಡಿದ್ದಳು. ನನ್ನ ಅಂಚು ಹಿಡಿದು ಹತ್ತಿ, ಒಳಗಿಳಿದು, ಕೈಕಾಲು ನೀಟಾಗಿ ಜೋಡಿಸಿ ಮಲಗಿದಳು. ಮಲಗಲಿ ಬಿಡು, ನನಗೂ ಬೇಸರ ಕಳೆಯುತ್ತದೆ ಅಂದುಕೊಂಡೆ. ಅಷ್ಟರಲ್ಲಿ ಅವಳು ಎದ್ದು ಕೂತು, "ಕಲ್ಲು ಮುಚ್ಚಬೇಕಲ್ಲ" ಎಂದು ತನಗೆ ತಾನೇ ಪಿಸುಗುಟ್ಟಿ ಮುಚ್ಚಳ ಎಳೆದುಕೊಂಡಳು.

ಕಟಕ್.

ನನ್ನ ಜೀವವೇ ಬಾಯಿಗೆ ಬಂತು. ಎಷ್ಟೋ ಸಲ ಕೇಳಿ ಬೀಗಿದ್ದ ಸದ್ದು ಅದು. ಅಂದು ಅದಕ್ಕಿಂತ ಕೆಟ್ಟ ಸದ್ದು ಇರಲಾರದು ಅನ್ನಿಸಿತು. ಕೂಗು ಮಗಾ, ಬಡಿ, ಒದಿ ಎಂದು ಹಲಗೆ ಹಲಗೆಯಲ್ಲೂ ಬೇಡಿಕೊಂಡೆ. ಆ ಶಾಣ್ಯಾ ಹುಡುಗಿ ಗಪ್ ಮಲಗಿತ್ತು. ನುಸಿಗುಳಿಗೆಯ ವಾಸನೆಗೆ ಒಮ್ಮೆ ಸೀನಿ, ಸೀನಿದ್ದಕ್ಕೇ ಹೆದರಿ ಬಾಯಿ ಮುಚ್ಚಿಕೊಂಡಿತು.

ಹಿತ್ತಲಲ್ಲಿದ್ದವರು ನೋಮಿ ತಾಯಿಯ ಹತ್ತಿರ ಇದ್ದಾಳೆ ಅಂದುಕೊಂಡರು. ತಾಯಿ ಶೀಬಾ, ಹಿತ್ತಲಲ್ಲಿ ಇದ್ದಾಳೆ ಅಂದುಕೊಂಡಳು. ಊಟಕ್ಕೆ ತಾಟು ಹಾಕಿದಾಗಲೇ ಒಂದು ತಾಟಿನ ಮುಂದೆ ಯಾರೂ ಇಲ್ಲದ್ದು ಕಂಡಿತು. ಹುಡುಕಾಟ ಶುರುವಾಯಿತು. ಅದೂ ಪಿಸುಮಾತಿನಲ್ಲಿ! ದೇವಪುತ್ರ ಹಿತ್ತಲ ಬಾವಿಗೆ ಬಗ್ಗಿ ನೋಡಿ ಬಂದ. ಇನ್ನಿಬ್ಬರು ಬೀದಿಗೆ ಓಡಿದರು. ಶೀಬಾ ಒಳಕೋಣೆಗೆ ಬಂದು ಮಂಚದ ಕೆಳಗೆ ನೋಡಿದಳು, ಕಪಾಟಿನ ಹಿಂದೆ ನೋಡಿದಳು. ನನ್ನ ಕಡೆಗೂ ನೋಡಿದಳು. ಹೊರಗಿನಿಂದ ಕೊಂಡಿ ಬಿದ್ದ ಪೆಟ್ಟಿಗೆಯೊಳಗೆ ಮಗು ಹೇಗಿದ್ದೀತು?

"ನೋಮೀ..." ಎಂದು ಕೊನೆಗೂ ಅವಳು ಕರೆದಳು. ನನ್ನೊಳಗೆ ಆ ಕೂಸಿನ ಮೈ ಮಿಸುಕಿತು. ಉತ್ತರ ಕೊಡಲಿಲ್ಲ. ಅಜ್ಜಿಯ ಮಾತಿಗೆ ಅಷ್ಟು ಬೆಲೆ.

ಶೀಬಾಳ ಹಿಂದೆಯೇ ಬಂದ ಯಾರೋ ಒಣಗಿದ ಬಟ್ಟೆಯ ರಾಶಿಯನ್ನು ತಂದು ನನ್ನ ಮೇಲೆ ಸುರಿದು ಹೋದರು.

ಏಪ್ರಿಲ್ ಬಿಸಿಲು ಹಂಚಿನ ಮೇಲೆ ಕಾಯುತ್ತಿತ್ತು. ನನ್ನೊಳಗಿನ ಗಾಳಿ ದಪ್ಪಗಾಯಿತು. ಅವಳ ಬೆವರು ನನ್ನ ಹಲಗೆಗೆ ಅಂಟುತ್ತಿತ್ತು. ಉಸಿರು ಮೊದಲು ಜೋರಾಯಿತು, ಆಮೇಲೆ ಸಣ್ಣದಾಗುತ್ತ ಬಂತು. ಎಲ್ಲಾದರೂ ಒಂದು ಬಿರುಕು, ಒಂದು ಹುಳುಕು ಇದ್ದಿದ್ದರೆ! ಇಮ್ಮಾನುವೇಲಪ್ಪನ ಕೈಚಳಕಕ್ಕೆ ಅಂದು ನಾನು ಹಿಡಿಶಾಪ ಹಾಕಿದೆ.

ಮಾರ್ಥಾಬಾಯಿ ಒಳಕೋಣೆಗೆ ಬಂದು ಮಂಚದ ಮೇಲೆ ಕೂತಳು. ಕೈ ಜೋಡಿಸಿ ಪ್ರಾರ್ಥನೆಗೆ ಬಾಯಿ ತೆರೆದವಳು ಅರ್ಧಕ್ಕೇ ನಿಂತಳು. ಕಣ್ಣು ಹಿಂದಿನ ಸಂಜೆ ಚಾಪೆ ಹಾಸಿದ್ದ ಜಾಗದ ಮೇಲಿತ್ತು.

"ಅಯ್ಯೋ ನನ್ನ ಕೂಸ," ಎಂದಳು. "ನಾನೇ ಹೇಳಿದ್ನಲ್ಲ, ಗಪ್ ಇರು ಅಂತ."

ಎದ್ದು ನಿಂತು, ಎದೆ ತುಂಬ ಉಸಿರೆಳೆದು, ಮನೆ ಅದುರುವಂತೆ ಕೂಗಿದಳು:

"ಕರ್ತನು ಎದ್ದಿದ್ದಾನೆ!"

ಹಿತ್ತಲಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಶೀಬಾ ಓಡಿ ಬಂದು ಬಾಗಿಲಲ್ಲಿ ನಿಂತಳು. ಶನಿವಾರ ಮಟಮಟ ಮಧ್ಯಾಹ್ನ ಅತ್ತೆ ಈ ಮಾತು ಕೂಗಿದ್ದು ಕೇಳಿ, ಬುದ್ಧಿ ಕೈಕೊಟ್ಟಿತು ಅಂತಲೇ ತಿಳಿದಳು. "ಅತ್ತೀ, ಇವತ್ತಲ್ಲರೀ..." ಎಂದಳು.

"ನೀ ಸುಮ್ನಿರು! ಕರ್ತನು ಎದ್ದಿದ್ದಾನೆ! ಮಗಾ, ಎದ್ದಿದ್ದಾನ!"

ನನ್ನೊಳಗಿನಿಂದ, ಬೆಕ್ಕಿನ ಮರಿಯ ದನಿಯಲ್ಲಿ, "ನಿಜವಾಗಿ..." ಅಂತ ಬಂತು. ಅಷ್ಟೇ. ಮುಂದಿನದಕ್ಕೆ ಉಸಿರಿರಲಿಲ್ಲ.

ಮಾರ್ಥಾಬಾಯಿ ಬಟ್ಟೆಯ ರಾಶಿಯನ್ನು ನೆಲಕ್ಕೆ ಎಳೆದು ಹಾಕಿದಳು. ಬೆವೆತ ಹೆಬ್ಬೆರಳು ಕೊಂಡಿಯ ಮೇಲಿಂದ ಜಾರಿತು. ಮತ್ತೆ ಒತ್ತಿದಳು. ಕೊಂಡಿ ಬಿಟ್ಟಿತು. ನೋಮಿ ಮಿಂದವಳ ಹಾಗೆ ತೊಯ್ದಿದ್ದಳು, ತುಟಿ ನೀಲಿಗಟ್ಟಿತ್ತು. ಶೀಬಾ ಎತ್ತಿಕೊಂಡು ಕಿಟಕಿಗೆ ಓಡಿದಳು. ಎಲ್ಲರೂ ಬೀಸಿದರು, ನೀರು ಚಿಮುಕಿಸಿದರು, ಅತ್ತರು. ಕೊನೆಗೆ ಕೂಸು ಕಣ್ಣು ಬಿಟ್ಟು ಅಜ್ಜಿಯ ಮುಖ ಹುಡುಕಿತು.

"ಐತವಾರ ಆತೇನಜ್ಜಿ?"

"ಆತವ್ವಾ," ಎಂದಳು ಮಾರ್ಥಾಬಾಯಿ. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆವತ್ತೇ ದೇವಪುತ್ರ ಸುತ್ತಿಗೆ ತಂದು ಕೊಂಡಿಯನ್ನೂ ಮುಚ್ಚಳವನ್ನೂ ಕಿತ್ತು ಹಾಕಿದ. ನೋವಾಯಿತು, ಆದರೆ ಬೇಡ ಅನ್ನಲಿಲ್ಲ. ಮುಚ್ಚಳವಿಲ್ಲದ ಪೆಟ್ಟಿಗೆಗೆ ಬಿಳಿ ಬಟ್ಟೆ ಯಾರು ಇಡುತ್ತಾರೆ? ಅಡುಗೆಮನೆಯ ಮೂಲೆಗೆ ಬಂದೆ. ಈಗ ನನ್ನೊಳಗೆ ಬಟಾಟಿ, ಉಳ್ಳಾಗಡ್ಡಿ. ಮಾರ್ಥಾಬಾಯಿಗೂ ವಯಸ್ಸಾಯಿತು, ಗೋಡೆ ಹಿಡಿದು ನಡೆಯುತ್ತಾಳೆ. ಈಸ್ಟರಿನ ಶನಿವಾರ ಮನೆಯ ಮಕ್ಕಳು ಗದ್ದಲ ಮಾಡದಿದ್ದರೆ ಅವಳೇ ಕೂತಲ್ಲಿಂದ ಗದರುತ್ತಾಳೆ, "ಎಲ್ಲಿ ಸತ್ತೀರೋ? ಬಾಯಿ ಮಾಡ್ರಿ!"

ನೋಮಿ ಈಗ ಕಾಲೇಜು ಹುಡುಗಿ. ಅವಳಿಗೆ ಅಂದಿನದು ಒಂದೂ ನೆನಪಿಲ್ಲ. ಈ ಸಲ ಹಬ್ಬಕ್ಕೆ ಬಂದವಳು ಉಳ್ಳಾಗಡ್ಡಿ ಆರಿಸುತ್ತ, "ಅಜ್ಜಿ, ಇಷ್ಟು ಚಂದದ ಪೆಟಗಿಗೆ ಮುಚ್ಚಳಾ ಯಾಕಿಲ್ಲ?" ಎಂದು ಕೇಳಿದಳು.

ಅಡುಗೆಮನೆಯಲ್ಲಿದ್ದವರೆಲ್ಲ ಕೈ ನಿಲ್ಲಿಸಿದರು. ಮಾರ್ಥಾಬಾಯಿ ತಲೆ ಎತ್ತಲಿಲ್ಲ.

"ಹುಳಾ ತಿಂದಿತ್ತವ್ವಾ. ತಗದ ಒಗದ್ವಿ."

ಸಾಗವಾನಿಗೆ ಹುಳ! ಬೇರೆ ಯಾರಾದರೂ ಅಂದಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನೋಮಿ ನನ್ನ ಅಂಚಿನ ಮೇಲೆ ಕೈಯಾಡಿಸಿ, "ಪಾಪ" ಎಂದಳು. ಹೌದು ಮಗಾ, ಹುಳವೇ ತಿಂದಿತ್ತು ಎಂದು ನಾನೂ ಸುಮ್ಮನಾದೆ.