ತಾಲ್ಲೂಕಿಗೊಂದೇ ಸೀಟು

ಮೆಹನಾಜ್‌ಗೆ ಸೀಟು ಸಿಕ್ಕಿದ ಸುದ್ದಿಯನ್ನು ಮೊಟ್ಟಮೊದಲು ಕೇಳಿದವಳು ನಾನು. ಕೇಳಿಸಿಕೊಂಡೆ, ಚೀಟಿಯಲ್ಲಿ ಬರೆದುಕೊಂಡೆ, 'ಖಂಡಿತ ಹೇಳ್ತೀನಿ ಮೇಡಂ' ಎಂದೆ. ಆಮೇಲೆ ಮೂರು ದಿನ ಯಾರಿಗೂ ಹೇಳಲಿಲ್ಲ.

ಇದು 2001ರ ಮಾತು. ಕುಣಿಗಲ್ಲಿನ ನಮ್ಮ ಬೀದಿಯಲ್ಲಿ ಫೋನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಎದುರು ಸಾಲಿನಲ್ಲಿ ಮನ್ಸೂರ್ ಅಲಿಯವರ ಮನೆ. ಅವರದು ಹಾಸಿಗೆ ಹೊಲಿಯುವ ಅಂಗಡಿ. ಫೋನಿಗೆ ಅರ್ಜಿ ಹಾಕಿ ಎರಡು ವರ್ಷವಾಗಿದ್ದರೂ ಅವರ ಮನೆಗೆ ತಂತಿ ಬಂದಿರಲಿಲ್ಲ. ಹಾಗಾಗಿ ಎಲ್ಲೇ ನಂಬರು ಕೇಳಿದರೂ ಅವರು ನಮ್ಮ ನಂಬರು ಬರೆದು ಪಕ್ಕದಲ್ಲಿ ಪಿ.ಪಿ. ಎಂದು ಹಾಕುತ್ತಿದ್ದರು. ಫೋನು ನಮ್ಮದಲ್ಲ, ನೆರೆಮನೆಯದು, ಕರೆಯಲು ಹೇಳಿ ಎಂದು ಅದರ ಅರ್ಥ. ಕರೆಯುವ ಕೆಲಸ ನನ್ನದು. ಬಾಗಿಲಲ್ಲಿ ನಿಂತು 'ಮೆಹನಾಜ್, ಫೋನೂ' ಎಂದು ಕೂಗಿ ಕೂಗಿ ನನ್ನ ಗಂಟಲು ಒರಟಾಗಿತ್ತು.

ಮೆಹನಾಜ್, ಮನ್ಸೂರ್ ಅಲಿಯವರ ಮಗಳು, ನನ್ನದೇ ವಯಸ್ಸು. ಒಂದನೇ ಕ್ಲಾಸಿನಿಂದ ತುಮಕೂರಿನ ಕಾನೂನು ಕಾಲೇಜಿನವರೆಗೆ ಒಂದೇ ಬೆಂಚು, ಒಂದೇ ಬಸ್ಸು. ನಾನು ರಾತ್ರಿಯೆಲ್ಲ ಉರುಹೊಡೆದು ಅರವತ್ತೆಂಟು ತೆಗೆದರೆ ಅವಳು ಬಸ್ಸಿನಲ್ಲಿ ಓದಿ ಎಪ್ಪತ್ತೆರಡು ತೆಗೆಯುತ್ತಿದ್ದಳು. ನಮ್ಮಪ್ಪ ಹೈಸ್ಕೂಲು ಮೇಷ್ಟ್ರು. ಮನೆಗೆ ಯಾರಾದರೂ ಬಂದರೆ, 'ನಮ್ಮ ಶಾಂತಲಾ ಕಷ್ಟಪಟ್ಟು ಓದ್ತಾಳೆ, ಮೆಹನಾಜ್ ಬುದ್ಧಿವಂತೆ' ಎನ್ನುತ್ತಿದ್ದರು. ಈ ಎರಡು ಮಾತಿನ ವ್ಯತ್ಯಾಸ ಗೊತ್ತಾಗದಷ್ಟು ದಡ್ಡಿ ನಾನಲ್ಲ. ಹೌದು, ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಅದಕ್ಕೆ ಬೇರೆ ಒಳ್ಳೆಯ ಹೆಸರು ಇಟ್ಟು ಏನು ಪ್ರಯೋಜನ?

ನಾವು ಎಲ್‌ಎಲ್‌ಬಿ ಮುಗಿಸಿದ ವರ್ಷವೇ ಕಾಲೇಜಿನಲ್ಲಿ ಹೊಸದೊಂದು ಡಿಪ್ಲೊಮಾ ಶುರುವಾಯಿತು. ತಂತ್ರಜ್ಞಾನ ಮತ್ತು ಖಾಸಗಿತನದ ಕಾನೂನು. ತುಮಕೂರು ನಗರಕ್ಕೆ ಹತ್ತು ಸೀಟು, ಉಳಿದಂತೆ ಗುಬ್ಬಿಗೊಂದು, ಕುಣಿಗಲ್ಲಿಗೊಂದು, ಹೀಗೆ ತಾಲ್ಲೂಕಿಗೊಂದು. ಅರ್ಜಿಯ ಜೊತೆ 'ಖಾಸಗಿತನ ಎಂದರೇನು' ಎಂದು ಪ್ರಬಂಧ ಬರೆಯಬೇಕಿತ್ತು. ನಾನು ಲೈಬ್ರರಿಯಲ್ಲಿ ಎರಡು ವಾರ ಕೂತು ಉಪಗ್ರಹ, ಗೂಢಲಿಪಿ, ಅಂತರರಾಷ್ಟ್ರೀಯ ಒಪ್ಪಂದ ಎಲ್ಲವನ್ನೂ ತುಂಬಿಸಿ ಇಪ್ಪತ್ತೆರಡು ಪುಟ ಬರೆದೆ. ಅಲ್ಲಿಯವರೆಗೆ ನಾನು ಕಂಪ್ಯೂಟರ್ ಮುಟ್ಟಿದ್ದು ಎರಡು ಸಲ. ಮೆಹನಾಜ್ ಆರು ಪುಟ ಬರೆದು ಹಾಕಿದಳು. 'ಓದ್ತೀಯೇನೇ?' ಎಂದು ಕೇಳಿದ್ದಳು. ಪುರಸೊತ್ತಿಲ್ಲ ಎಂದಿದ್ದೆ.

ಶುಕ್ರವಾರ ಹನ್ನೊಂದು ಗಂಟೆಗೆ ಕಾಲೇಜಿನ ಆಫೀಸಿನಿಂದ ಫೋನ್ ಬಂತು. ಹೆಣ್ಣುಧ್ವನಿ, ಅವಸರದ್ದು.

"ಮೆಹನಾಜ್ ಅವರಿಗೆ ತಿಳಿಸ್ತೀರಾ? ಕುಣಿಗಲ್ ಸೀಟು ಅವರಿಗೆ ಬಂದಿದೆ. ಸೋಮವಾರ ನಾಲ್ಕೂವರೆ ಒಳಗೆ ಬಂದು ಸಹಿ ಹಾಕ್ಬೇಕು. ಇಲ್ದಿದ್ರೆ ಎರಡನೆಯವ್ರಿಗೆ ಹೋಗುತ್ತೆ."

"ಎರಡನೆಯವ್ರು ಯಾರು ಮೇಡಂ?"

"ಶಾಂತಲಾ ಎನ್. ಅಂತ. ನಿಮ್ಮೂರಿನವ್ರೇ." ಆಕೆ ನಕ್ಕರು. "ಏನೇ ಹೇಳಿ, ಆ ಹುಡುಗಿ ಪಿ.ಪಿ. ಫೋನಿನ ಬಗ್ಗೆ ಬರೆದಿರೋದನ್ನ ಓದಿ ನಮ್ಮ ಮೇಷ್ಟ್ರುಗಳೆಲ್ಲ ಖುಷಿಯಾಗಿಬಿಟ್ಟಿದಾರೆ. ಬೇರೆಯವರ ಮನೆ ಹಾಲಲ್ಲಿ ನಿಂತು ಸ್ವಂತ ಕಷ್ಟಸುಖ ಮಾತಾಡೋದು ಹೇಗಿರುತ್ತೆ ಅಂತ ಬರೆದಿದಾಳೆ."

ರಿಸೀವರ್ ಇಟ್ಟ ಮೇಲೆ ನನ್ನ ಕಿವಿ ಬಿಸಿಯಾಗಿತ್ತು. ನಮ್ಮ ಫೋನು! ಬಿಲ್ ಕಟ್ಟುವುದು ನಮ್ಮಪ್ಪ, ಕೂಗಿ ಕರೆಯುವುದು ನಾನು. ಇವಳು ಅದರ ಮೇಲೆ ಆರು ಪುಟ ಗೀಚಿ ಸೀಟು ಹೊಡೆದುಕೊಂಡಿದ್ದಾಳೆ. ಆ ಫೋನು ನನ್ನ ಮೂಗಿನ ಕೆಳಗೇ ಇತ್ತು, ನನಗೆ ಹೊಳೆಯಲಿಲ್ಲ. ಅದಕ್ಕೇ ಉರಿ ಇನ್ನೂ ಹೆಚ್ಚಾಗಿದ್ದು.

"ಯಾರ್ದೇ ಫೋನು?" ಎಂದು ಅಮ್ಮ ಅಡುಗೆಮನೆಯಿಂದ ಕೇಳಿದಳು.

"ರಾಂಗ್ ನಂಬರ್," ಎಂದೆ.

ಶನಿವಾರ ಸಂಜೆ ಮೆಹನಾಜ್ ತಾನೇ ಬಂದಳು. "ಕಾಲೇಜಿಂದ ಏನಾದ್ರೂ ಫೋನ್ ಬಂತೇನೇ?"

"ಇಲ್ವಲ್ಲ."

"ನಿಂಗೂ ಬಂದಿಲ್ವಾ? ಹೋಗ್ಲಿ ಬಿಡು, ಇರೋದು ಒಂದೇ ಸೀಟು. ನಮ್ಮಿಬ್ರಲ್ಲಿ ಯಾರಿಗೋ ಒಬ್ರಿಗೆ ಬಂದ್ರೆ ಸಾಕು ಕಣೇ."

ನನಗೆ ಮೈಯೆಲ್ಲ ಉರಿಯಿತು. ಅವಳೂ ನನ್ನ ಮೇಲೆ ಒಂದಿಷ್ಟು ಕರುಬಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಶ್ರಮದ ಕೆಲಸ, ಎಲ್ಲವನ್ನೂ ನಾವೊಬ್ಬರೇ ಮಾಡಬೇಕು. ಭಾನುವಾರ ಮೂರು ಸಲ ಅವಳ ಮನೆಯ ಕಡೆ ಹೊರಟೆ. ಮೂರು ಸಲವೂ ನಮ್ಮ ಗೇಟು ದಾಟಲಿಲ್ಲ. ಸೋಮವಾರ ನಾಲ್ಕೂವರೆ ಕಳೆದುಬಿಟ್ಟರೆ ಹೇಳುವ ಅಗತ್ಯವೇ ಇರುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಸೋಮವಾರ ಎರಡೂಕಾಲಿಗೆ ಫೋನ್ ಬಂತು. ಅಮ್ಮ ಮಲಗಿದ್ದಳು, ಅಪ್ಪ ಸ್ಕೂಲಿನಲ್ಲಿದ್ದರು. ಅದೇ ಧ್ವನಿ.

"ಶಾಂತಲಾ ಅವ್ರಾ? ಮೆಹನಾಜ್ ಇನ್ನೂ ಬಂದಿಲ್ಲ. ಅವ್ರು ಬರಲ್ಲ ಅಂದ್ರೆ ಸೀಟು ನಿಮ್ಗೇ, ಈಗ್ಲೇ ಹೊರಟು ಬಂದ್ಬಿಡಿ." ಕಾಗದ ಮಗುಚಿದ ಸದ್ದು. "ಒಂದ್ನಿಮಿಷ, ಎರಡು ಅರ್ಜಿಲೂ ಇದೇ ನಂಬರಿದೆಯಲ್ಲಾ? ಶುಕ್ರವಾರ ಫೋನ್ ತಗೊಂಡವ್ರು ನೀವೇನಾ? ಅವ್ರಿಗೆ ವಿಷಯ ಹೇಳಿದ್ರಾ?"

"ಹೇಳ್ದೆ ಮೇಡಂ," ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಮೆಹನಾಜ್‌ಗೆ ಸೀಟು ಬೇಡ್ವಂತೆ. ಅವಳಿಗೆ ಇಷ್ಟ ಇಲ್ವಂತೆ."

ಹೇಳಿ ತಿರುಗಿದರೆ ಬಾಗಿಲಲ್ಲಿ ಸರ್ವರ್ ಬೇಗಂ ನಿಂತಿದ್ದರು, ಮೆಹನಾಜಳ ತಾಯಿ. ಹುಲಿಯೂರುದುರ್ಗದಲ್ಲಿದ್ದ ಅವರ ತಮ್ಮ ಪ್ರತಿ ಸೋಮವಾರ ಎರಡೂವರೆಗೆ ಫೋನ್ ಮಾಡುತ್ತಿದ್ದ. ಅವರು ಕಾಲು ಗಂಟೆ ಮುಂಚೆಯೇ ಬಂದು, ಒಳಗೂ ಬಾರದೆ, ಕಿಟಕಿಯ ಕೆಳಗಿನ ಜಗುಲಿಯ ಮೇಲೆ ಸದ್ದಿಲ್ಲದೆ ಕೂತಿರುತ್ತಿದ್ದರು. ಮೂರು ವರ್ಷದಿಂದ ಅವರ ಮನೆಯ ಮಾತನ್ನೆಲ್ಲ ನಾವು ಕೇಳಿದ್ದೆವು. ನಮ್ಮ ಮಾತು ಅವರಿಗೂ ಕೇಳಿಸುತ್ತದೆ ಎಂದು ನನಗೆ ಎಂದೂ ಅನಿಸಿರಲಿಲ್ಲ.

"ಯಾವ ಸೀಟಮ್ಮ?" ಎಂದರು, ಮೆಲ್ಲಗೆ.

ನಾನು ರಿಸೀವರಿನ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿದೆ. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಮೆಹನಾಜ್‌ಗೆ ಬಂದಿದೆ. ಶುಕ್ರವಾರನೇ. ನಾಲ್ಕೂವರೆ ಒಳಗೆ ಹೋಗ್ಬೇಕು. ಹೋಗ್ದಿದ್ರೆ ನಂಗೆ."

ಬಯ್ಯುತ್ತಾರೆ, ಬಯ್ಯಲಿ ಎಂದುಕೊಂಡೆ. ಅವರು ಕೈ ಚಾಚಿದರು. "ಫೋನ್ ಕೊಡಮ್ಮ ಇಲ್ಲಿ."

ಕೊಟ್ಟೆ.

"ನಾನು ಮೆಹನಾಜ್ ತಾಯಿ ಮೇಡಂ. ಈ ಹುಡ್ಗಿ ಶುಕ್ರವಾರನೇ ನನ್ ಹತ್ರ ಹೇಳಿದ್ಲು. ನಮ್ ಹುಡ್ಗಿಗೆ ನಾನೇ ಹೇಳ್ಲಿಲ್ಲ. ಇನ್ನೂ ಓದೋದು ಸಾಕು ಅಂತ ನಾನೇ ಬ್ಯಾಡ ಅಂದ್ಬುಟ್ಟೆ. ತಪ್ಪಾಯ್ತು. ಈಗ್ಲೇ ಬಸ್ ಹತ್ತಿಸ್ತೀನಿ, ಸೀಟು ಬೇರೆಯವ್ರಿಗೆ ಕೊಡ್ಬೇಡಿ."

ಆ ಕಡೆಯ ಮೇಡಂ ಕ್ಷಣದಲ್ಲಿ ನಂಬಿದರು. ನನಗೂ ಕೇಳುವಷ್ಟು ಜೋರಾಗಿ, ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ ಎರಡು ನಿಮಿಷ ಬುದ್ಧಿವಾದ ಹೇಳಿದರು. ಯಾರಾದರೂ ನಂಬುತ್ತಿದ್ದರು. ಬುರ್ಖಾ ಹಾಕಿದ ತಾಯಿ ಮಗಳ ಓದು ತಡೆದಳು ಎಂದರೆ ಇಡೀ ಕುಣಿಗಲ್ಲಿನಲ್ಲಿ ಎರಡನೇ ಪ್ರಶ್ನೆ ಕೇಳುವವರಿರಲಿಲ್ಲ. ಮಗಳನ್ನು ಕಾನೂನು ಓದಿಸಬೇಕೆಂದು ನೆಂಟರಿಷ್ಟರನ್ನೆಲ್ಲ ಎದುರು ಹಾಕಿಕೊಂಡ ಹೆಂಗಸು ಅದನ್ನು ತಲೆಬಾಗಿ ಕೇಳಿಸಿಕೊಂಡರು.

ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ಆ ಪಟ್ಟಿಲಿ ನಿನ್ ಹೆಸ್ರೂ ಐತಲ್ಲಮ್ಮ. ಮುಂದಿನ ವರ್ಷ ಬೇಕಾಗುತ್ತೆ. ಅದು ಕೆಡಬಾರ್ದು." ಅಷ್ಟೇ ಹೇಳಿ ಹೊರಟರು. ತಮ್ಮನ ಫೋನಿಗೂ ಕಾಯಲಿಲ್ಲ.

ಹತ್ತು ನಿಮಿಷಕ್ಕೆ ಮೆಹನಾಜ್ ಫೈಲು ಎದೆಗೊತ್ತಿಕೊಂಡು ಓಡಿಬಂದಳು. "ಬಾರೇ ಬಸ್‌ಸ್ಟ್ಯಾಂಡ್ ತನಕ!" ಎಂದು ಕೈಹಿಡಿದು ಎಳೆದಳು. ಕಣ್ಣು ಕೆಂಪಾಗಿತ್ತು. ದಾರಿಯುದ್ದಕ್ಕೂ ಅವಳದೇ ಮಾತು.

"ನೀನು ಶುಕ್ರವಾರನೇ ಹೇಳಿದ್ಯಂತೆ. ಅಮ್ಮಿ ಮುಚ್ಚಿಟ್ರಂತೆ. ನಮ್ಮ ಅಮ್ಮಿ ಕಣೇ! ನನ್ನ ಓದಿಸೋಕೆ ಬಳೆ ಅಡ ಇಟ್ಟವ್ರು. ಯಾಕಮ್ಮೀ ಅಂದ್ರೆ ಬಾಯೇ ಬಿಡಲ್ಲ. ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ನೀನು ನನ್ನ ತಾಯಿನೇ ಅಲ್ಲ ಅಂತನೂ ಅಂದೆ."

"ಏನಂದ್ರು?"

"ನನ್ನ ಸರ್ಟಿಫಿಕೇಟು ಜೋಡಿಸಿ ಕೊಡ್ತಿದ್ರು."

ನನಗೆ ಅದುವರೆಗೆ ಇದ್ದದ್ದು ಅವಳ ಅಂಕಗಳ ಮೇಲಿನ ಹೊಟ್ಟೆಕಿಚ್ಚು, ಸೀಟಿನ ಮೇಲಿನ ಹೊಟ್ಟೆಕಿಚ್ಚು. ಅವತ್ತು ಆ ದಾರಿಯಲ್ಲಿ, ಅವಳಿಗೆ ಇಂಥ ತಾಯಿ ಇದ್ದಾರಲ್ಲ ಎಂದು ಕರುಬಿದೆ. ಅದರ ಮುಂದೆ ಹಳೆಯದೆಲ್ಲ ಮಕ್ಕಳಾಟವಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗುಟ್ಟು ಎಂದಿಗೂ ಹೊರಬರುತ್ತಿರಲಿಲ್ಲ, ಆ ಹೆಂಗಸು ಹೇಳುವವರಲ್ಲ. ಅವರ ಮನೆಯಲ್ಲೂ ಒಂದು ಜಗಳ ಇರಲಿ ಎಂದು ನನ್ನೊಳಗೆ ಯಾವುದೋ ಮೂಲೆ ಆಸೆಪಟ್ಟದ್ದೂ ನಿಜ.

ತುಮಕೂರು ಬಸ್ಸು ಹೊರಡಲು ತಯಾರಾಗಿತ್ತು. ಮೆಹನಾಜ್ ಹತ್ತಿ ಕಿಟಕಿಯ ಪಕ್ಕ ಕೂತಳು. "ಅಮ್ಮಿ ಜೊತೆ ಇನ್ಮೇಲೆ ನಾನು ಮಾತಾಡಲ್ಲ ಕಣೇ," ಎಂದಳು.

ಕಂಡಕ್ಟರ್ ಸೀಟಿ ಊದಿದ. ನಾನು ಕಿಟಕಿಯ ಸರಳು ಹಿಡಿದೆ.

"ಅವ್ರು ಮುಚ್ಚಿಡ್ಲಿಲ್ಲ ಮೆಹನಾಜ್. ನಾನು ಹೇಳೇ ಇರ್ಲಿಲ್ಲ. ಅವ್ರಿಗೂ ಇಲ್ಲ, ನಿಂಗೂ ಇಲ್ಲ. ಸೀಟು ನಂಗೆ ಸಿಗ್ಲಿ ಅಂತ."

ಬಸ್ಸು ಕದಲಿತು. ನಾನು ಜೊತೆಯಲ್ಲೇ ನಾಲ್ಕು ಹೆಜ್ಜೆ ಓಡಿದೆ. ಅವಳು ಬಯ್ಯಲಿ, ಉಗಿಯಲಿ, ಹದಿನೇಳು ವರ್ಷದ ಸ್ನೇಹ ಮುರಿಯಿತು ಎನ್ನಲಿ ಎಂದು ಕಾದೆ. ಅವಳು ಅದೇನೂ ಮಾಡಲಿಲ್ಲ. ಅರ್ಧ ಎದ್ದು ನಿಂತು, ಕತ್ತು ಹೊರಗೆ ಚಾಚಿ, ನನ್ನ ತಲೆಯ ಮೇಲಿಂದ ನಮ್ಮ ಬೀದಿಯ ಕಡೆ ನೋಡಿದಳು. ಬಸ್ಸು ತಿರುಗುವವರೆಗೂ ಅತ್ತಲೇ ನೋಡುತ್ತಿದ್ದಳು. ಒಂದು ಸಲವೂ ಅವಳ ಕಣ್ಣು ನನ್ನ ಮೇಲೆ ಬೀಳಲಿಲ್ಲ.